ಗೊತ್ತಾಯ್ತಪ್ಪನವರ ಮೇಣದ ಬಳ್ಳಿ

ಗೊತ್ತಾಯ್ತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ತಂದೆತಾಯಿ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು. ಇದು ಊರು ಇಟ್ಟ ಹೆಸರು. ನೀರು ಸರಬರಾಜು ಕಚೇರಿಯಲ್ಲಿ ದೂರು ತೆಗೆದುಕೊಳ್ಳುವ ಕಿಟಕಿಯ ಹಿಂದೆ ಅವರು ಕೂರುತ್ತಿದ್ದರು. ಎದುರು ನಿಂತವರ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಕೈ ಎತ್ತಿ "ಗೊತ್ತಾಯ್ತು, ಗೊತ್ತಾಯ್ತು" ಎನ್ನುವುದು ಅವರ ಪದ್ಧತಿ. ಒಮ್ಮೆ ಒಬ್ಬರು ಬಂದು "ನಮ್ಮ ಮನೆ ನಲ್ಲೀಲಿ ನೀರು..." ಎಂದರು. "ಬರ್ತಿಲ್ಲ. ಗೊತ್ತಾಯ್ತು" ಎಂದು ಇವರು ಬರೆದುಕೊಂಡರು. ಆ ಮನುಷ್ಯ ಹೇಳಲು ಬಂದಿದ್ದು ನಲ್ಲಿಯಲ್ಲಿ ನೀರು ನಿಲ್ಲುತ್ತಲೇ ಇಲ್ಲ, ಚಪ್ಪಲಿಗಳು ಅಡುಗೆಮನೆಯವರೆಗೆ ತೇಲಿಕೊಂಡು ಬಂದಿವೆ ಎಂದು. ಮರುದಿನ ಇಲಾಖೆಯವರು ಹೋಗಿ ನೀರಿನ ಒತ್ತಡವನ್ನು ಇನ್ನಷ್ಟು ಹೆಚ್ಚಿಸಿ ಬಂದರು.

ಇದನ್ನು ಅಹಂಕಾರ ಎನ್ನುವವರು ಅವರನ್ನು ಬಲ್ಲವರಲ್ಲ. ಎದುರಿನವರ ಗಂಟಲಿಗೆ ಸುಮ್ಮನೆ ಶ್ರಮವೇಕೆ ಎಂಬ ದಯೆ ಅದು. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಬಾಳಿನಲ್ಲಿ ಒಂದು ತೊಂದರೆಯುಂಟು: ಅವರು ಹೇಳಿದ್ದು ಯಾವುದೂ ನಿಜವಾಗುವುದಿಲ್ಲ. ಅವರು ಮಳೆ ಬರುವುದಿಲ್ಲ ಎಂದ ದಿನ ಹೆಂಡತಿ ಒಣಗಿದ ಬಟ್ಟೆಯನ್ನು ಓಡಿಹೋಗಿ ಒಳಗೆ ತರುತ್ತಿದ್ದಳು. ಅವರು ತೋರಿಸಿದ ಬಸ್ಸನ್ನು ಬಿಟ್ಟು ಇನ್ನೊಂದನ್ನು ಹತ್ತುತ್ತಿದ್ದಳು.

ಇದಕ್ಕೆ ಸರಿಯಾಗಿ ಅವರಿಗೊಬ್ಬ ಷಡ್ಡಕ. ಹೆಂಡತಿಯ ಅಕ್ಕನ ಗಂಡ, ಬೀಗದ ಅಂಗಡಿಯ ಯಜಮಾನ. ಅವನು ಹೇಳಿದ್ದೆಲ್ಲ ನಿಜವಾಗುತ್ತಿತ್ತು. ಯಾಕೆ ಎಂದು ಯಾರಿಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ಬದುಕಿನಲ್ಲಿ ಒಂದೇ ಒಂದು ಸಲ ಆ ಷಡ್ಡಕ ತಮ್ಮ ಮುಂದೆ ನಿಂತು "ನೀವು ಹೇಳಿದ್ದೇ ನಿಜ ಕಣ್ರೀ" ಎನ್ನಬೇಕು. ಗೊತ್ತಾಯ್ತಪ್ಪನವರಿಗೆ ಬೇರೆ ಯಾವ ಆಸೆಯೂ ಇರಲಿಲ್ಲ. ಬಡ್ತಿ ಬೇಕೆಂದು ಸಹ ಅವರು ಎಂದೂ ಕೇಳಿದವರಲ್ಲ.

ಒಂದು ಸಂಜೆ ಷಡ್ಡಕ ಸಂಸಾರ ಸಮೇತ ಬಂದ. ಕಾಫಿ ಬರುವ ಮೊದಲೇ ಮನೆಯನ್ನೆಲ್ಲ ಒಮ್ಮೆ ನೋಡಿ, ಬಾಗಿಲ ಚಿಲಕ ಸರಿಯಿಲ್ಲವೆಂದು ತೀರ್ಪು ಕೊಟ್ಟು, ಮುಂದಿನ ಕೋಣೆಯ ಕಿಟಕಿಯ ಹತ್ತಿರ ನಿಂತುಕೊಂಡ. ಆ ಮನೆಯಲ್ಲಿ ಬಿಸಿಲು ಬರುವುದು ಆ ಕಿಟಕಿಯೊಂದರಲ್ಲೇ. ಆದ್ದರಿಂದ ಹೆಂಡತಿಯ ಹೊಲಿಗೆ ಮಷಿನ್ ಅಲ್ಲಿತ್ತು. ಮಷಿನ್ ಮೇಲುಗಡೆ ಕೊಕ್ಕೆಗೆ ಒಂದು ಕುಂಡ ನೇತುಬಿದ್ದಿತ್ತು. ಅದರಿಂದ ದಪ್ಪದಪ್ಪ ಎಲೆಗಳ, ಎಣ್ಣೆ ಸವರಿದ ಹಾಗೆ ಹೊಳೆಯುವ ಬಳ್ಳಿ ಕೆಳಗೆ ಇಳಿದಿತ್ತು. ಅದಕ್ಕೆ ಮೇಣದ ಬಳ್ಳಿ ಎನ್ನುತ್ತಿದ್ದರು. ಎಲೆ ಮೇಣದ ಹಾಗೆ, ಹೂವೂ ಮೇಣದ ಹಾಗೆ ಇರುತ್ತದೆ ಎಂದು ಮಾತು. ಎಲೆಯನ್ನು ಎಲ್ಲರೂ ನೋಡಿದ್ದರು, ಹೂವನ್ನು ಯಾರೂ ನೋಡಿರಲಿಲ್ಲ.

"ಇದು ಮನೆಯೊಳಗೆ ಹೂ ಬಿಡಲ್ಲ" ಎಂದ ಷಡ್ಡಕ.

ಅವನು ಹಾಗೆಂದ ಮೇಲೆ ಅದು ಬಿಡುವುದಿಲ್ಲವೆಂದೇ ಅರ್ಥ. ಅಲ್ಲಿಗೆ ಸುಮ್ಮನಿರಬಹುದಿತ್ತು.

"ಬಿಡುತ್ತೆ ಭಾವ. ಹೋದ ವರ್ಷ ಬಿಟ್ಟಿತ್ತಲ್ಲ!" ಎಂದರು ಗೊತ್ತಾಯ್ತಪ್ಪ.

ಹೆಂಡತಿ ಆಗ ಒಂದು ಅಂಗಿಯ ಅಂಚು ಮಡಿಸುತ್ತಿದ್ದಳು. ಬಾಯಿತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದರಿಂದ ಕಣ್ಣು ಮಾತ್ರ ಅಗಲವಾಯಿತು. ಆಕೆ ಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕುವಷ್ಟರಲ್ಲಿ ಮಾತು ಬಹಳ ದೂರ ಹೋಗಿತ್ತು. ಗೊಂಚಲು ಎಷ್ಟು ದೊಡ್ಡದಿತ್ತು, ಪರಿಮಳ ಯಾವ ಮನೆಯವರೆಗೆ ಹರಡಿತ್ತು ಎಲ್ಲವೂ ತೀರ್ಮಾನವಾಗಿ, ಈ ಸಲ ಬೇಸಿಗೆ ರಜೆಯ ಮೊದಲನೇ ಭಾನುವಾರ ಷಡ್ಡಕ ಬಂದು ಕಣ್ಣಾರೆ ನೋಡಬೇಕು ಎಂಬಲ್ಲಿಗೆ ಮುಟ್ಟಿತ್ತು.

"ಹೂವು ಯಾವಾಗ ಬಿಟ್ಟಿತ್ತು ರೀ?" ಎಂದಳು ಹೆಂಡತಿ, ನೆಂಟರು ಹೋದ ಮೇಲೆ.

"ನೀನು ತವರಿಗೆ ಹೋಗಿದ್ದೆ."

"ನಾನು ಹೋದ ವರ್ಷ ತವರಿಗೆ ಹೋಗಲೇ ಇಲ್ಲ."

"ಅದಕ್ಕೇ ಗೊತ್ತಾಗಲಿಲ್ಲ" ಎಂದು ಗೊತ್ತಾಯ್ತಪ್ಪ ಮಲಗಲು ಹೋದರು.

ಮಾರನೆಯ ದಿನ ಅವರು ಸಸಿ ಮಾರುವವನ ಬಳಿಗೆ ಹೋದರು. ಅವನು ಒಂದು ತುಳಸಿ ಗಿಡ ಕೊಡುವುದಕ್ಕೂ ಭೂಮಿ ಹುಟ್ಟಿದಲ್ಲಿಂದ ಶುರುಮಾಡುವವನು. ಗಿರಾಕಿಗಳು ಅವನ ಮಾತಿಗೆ ಹೆದರಿ ಕೇಳಿದಷ್ಟು ಕೊಟ್ಟು ಓಡುತ್ತಿದ್ದರು.

"ನೋಡಿ ಸಾರ್, ನೀವು ಅದನ್ನ ಮುದ್ದು ಮಾಡಿ ಕೆಡಿಸಿದ್ದೀರಿ" ಎಂದ ಅವನು. "ಸುಖವಾಗಿರೋ ಬಳ್ಳಿ ಯಾಕೆ ಹೂ ಬಿಡ್ಬೇಕು ಹೇಳಿ? ಸ್ವಲ್ಪ ಕಷ್ಟ ಕೊಡಿ. ಇಕ್ಕಟ್ಟಾದ ಕುಂಡದಲ್ಲೇ ಇರಲಿ. ಮಣ್ಣು ಒಣಗೋ ತನಕ ನೀರು ಬೇಡ. ಬೆಳಕು ಮಾತ್ರ ಧಾರಾಳ ಬೇಕು. ಒಂದು ಕಡೆ ಇಟ್ಟ ಮೇಲೆ ಅಲ್ಲಾಡಿಸ್ಬೇಡಿ. ಇನ್ನೊಂದು ಮುಖ್ಯ ಮಾತಿದೆ, ಎಲ್ಲಕ್ಕಿಂತ ಮುಖ್ಯ. ಈ ಬಳ್ಳೀಲಿ ಎಲೆ ಇಲ್ಲದ ಬೋಳು ಕಡ್ಡಿಗಳು ಬರ್ತವಲ್ಲ, ಅವನ್ನ ನೀವು..."

"ಗೊತ್ತಾಯ್ತು, ಗೊತ್ತಾಯ್ತು. ಕತ್ತರಿಸ್ಬೇಕು" ಎಂದು ಗೊತ್ತಾಯ್ತಪ್ಪ ಹೊರಟೇಬಿಟ್ಟರು.

ಸಸಿಯವನು ಬಾಯಿ ತೆರೆದು ನಿಂತಿದ್ದ. ಅವನ ಜೀವಮಾನದಲ್ಲಿ ಅವನ ಮಾತನ್ನು ಯಾರೂ ಅಷ್ಟು ಬೇಗ ಮುಗಿಸಿಕೊಟ್ಟಿರಲಿಲ್ಲ.

ಅಂದಿನಿಂದ ಆ ಮನೆಯಲ್ಲಿ ಕಷ್ಟದ ದಿನಗಳು ಶುರುವಾದವು. ಬಳ್ಳಿಗೆ ಅಂದುಕೊಂಡದ್ದು, ಬಂದದ್ದು ಹೆಂಡತಿಗೆ. ಧಾರಾಳ ಬೆಳಕು ಬೇಕೆಂದರೆ ಕಿಟಕಿಗೆ ಅಡ್ಡ ಏನೂ ಇರಬಾರದು. ಹೊಲಿಗೆ ಮಷಿನ್ ಬಚ್ಚಲಮನೆಯ ಪಕ್ಕದ ಓಣಿಯಂಥ ಸಂದಿಗೆ ಹೋಯಿತು. ಬಳ್ಳಿ ಅಲ್ಲಾಡಬಾರದೆಂದು ಮುಂದಿನ ಕೋಣೆಯ ಫ್ಯಾನು ನಿಂತಿತು. ಬಾಗಿಲನ್ನು ಯಾರೂ ಜೋರಾಗಿ ಹಾಕುವಂತಿಲ್ಲ. ಪ್ರತಿ ಭಾನುವಾರ ಗೊತ್ತಾಯ್ತಪ್ಪನವರು ಮೀಸೆ ಸರಿಮಾಡಿಕೊಂಡ ಮೇಲೆ, ಹೆಂಡತಿಯ ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನೇ ತೆಗೆದುಕೊಂಡು ಸ್ಟೂಲು ಹತ್ತಿ, ಬಳ್ಳಿಯಲ್ಲಿ ಬೋಳು ಕಡ್ಡಿ ಎಲ್ಲಿ ಕಂಡರೂ ಬುಡಕ್ಕೇ ಕತ್ತರಿಸುತ್ತಿದ್ದರು. ಅಚ್ಚುಕಟ್ಟು ಎಂದರೆ ಅವರಿಗೆ ಮೊದಲಿಂದಲೂ ಪ್ರಾಣ. ನಿಜ ಹೇಳಬೇಕೆಂದರೆ, ಸಸಿಯವನ ಬಳಿಗೆ ಹೋಗುವ ಮೊದಲೂ ಅವರು ಈ ಕೆಲಸ ಮಾಡುತ್ತಲೇ ಇದ್ದರು. ಈಗ ಅದಕ್ಕೊಂದು ಶಾಸ್ತ್ರದ ಬಲ ಬಂದಂತಾಯಿತು.

ಓಣಿಯ ಕತ್ತಲೆಯಲ್ಲಿ ಹೊಲಿದ ಬಟ್ಟೆಗಳು ನಾನಾ ರೂಪ ತಾಳಿದವು. ಎದುರುಮನೆಯ ಮೇಷ್ಟ್ರ ಅಂಗಿಗೆ ಜೇಬು ಒಳಮೈಗೆ ಕೂತಿತ್ತು. ಅವರು ನಿವೃತ್ತರು, ಸೌಮ್ಯ ಜನ.

"ಪರವಾಗಿಲ್ಲಮ್ಮ, ಕಳ್ಳರ ಭಯ ಇಲ್ಲ" ಎಂದರು. ಆಮೇಲೆ ಕಿಟಕಿಯ ಕಡೆ ನೋಡಿ, "ಆ ಬಳ್ಳಿಗೆ ಏನು ಕಾಯಿಲೆ? ಮನೆಯವರೆಲ್ಲ ಪಿಸುಮಾತು ಆಡ್ತೀರಲ್ಲ" ಎಂದು ಕೇಳಿದರು.

"ಕಾಯಿಲೆ ಬಳ್ಳಿಗಲ್ಲ ಮೇಷ್ಟ್ರೇ" ಎಂದಳು ಹೆಂಡತಿ.

ಇಷ್ಟಕ್ಕೇ ನಿಂತಿದ್ದರೆ ಇದು ಮನೆಯ ಮಾತಾಗಿರುತ್ತಿತ್ತು. ಆದರೆ ಹೊಸದಾಗಿ ಒಂದು ತತ್ವ ಸಿಕ್ಕಿದ ಮನುಷ್ಯ ಅದನ್ನು ಮನೆಯಲ್ಲಿ ಬಿಟ್ಟು ಕಚೇರಿಗೆ ಹೋಗಲಾರ. ಒಂದು ಬೆಳಿಗ್ಗೆ ಲಾಂಡ್ರಿಯ ಯಜಮಾನಿ ದೂರು ಕಿಟಕಿಗೆ ಬಂದಳು. ಗಟ್ಟಿ ಹೆಂಗಸು. ಇಸ್ತ್ರಿಪೆಟ್ಟಿಗೆ ಎತ್ತಿ ಎತ್ತಿ ಬಲಗೈ ಎಡಗೈಗಿಂತ ದಪ್ಪವಾಗಿತ್ತು.

"ಸಾರ್, ವಾರದಿಂದ ನಮ್ಮ ಬೀದಿಗೆ ನೀರಿಲ್ಲ. ಬಟ್ಟೆ ರಾಶಿ ಬಿದ್ದಿದೆ..."

"ಗೊತ್ತಾಯ್ತು, ಗೊತ್ತಾಯ್ತು. ನೋಡಮ್ಮಾ, ಇದನ್ನ ಕಷ್ಟ ಅಂದ್ಕೋಬೇಡ. ನಮ್ಮ ಮನೇಲಿ ಒಂದು ಮೇಣದ ಬಳ್ಳಿ ಇದೆ. ನಾನೇ ನೀರು ನಿಲ್ಲಿಸಿದ್ದೀನಿ. ಯಾಕೆ? ನೀರು ಕಮ್ಮಿ ಆದ್ರೇನೇ ಹೂ ಬಿಡೋದು. ಮನುಷ್ಯರೂ ಅಷ್ಟೇ. ಸ್ವಲ್ಪ ಒಣಗ್ಲಿ ಬಿಡು."

ಅಂಥ ಉತ್ತರವನ್ನು ಲಾಂಡ್ರಿ ಯಜಮಾನಿ ಯಾವ ಕಚೇರಿಯಲ್ಲೂ ಕೇಳಿರಲಿಲ್ಲ. "ಆಯ್ತು ಸಾರ್" ಎಂದಷ್ಟೇ ಹೇಳಿ ಹೋದಳು.

ಮಧ್ಯಾಹ್ನದ ಹೊತ್ತಿಗೆ ಇಡೀ ಬೀದಿ ಖಾಲಿ ಬಿಂದಿಗೆ, ಬಕೆಟ್ಟುಗಳೊಂದಿಗೆ ಕಚೇರಿಯ ಅಂಗಳದಲ್ಲಿ ನಿಂತಿತ್ತು. ಮುಂದೆ ಲಾಂಡ್ರಿ ಯಜಮಾನಿ.

"ನಾವು ಹೂ ಬಿಡ್ಲಿ ಅಂತ ಇಲಾಖೆಯವರು ನೀರು ನಿಲ್ಸಿದ್ದಾರಂತೆ! ಆ ಕಿಟಕಿಯವರೇ ಹೇಳಿದ್ರು!"

ಗಲಾಟೆ ಕೇಳಿ ಎಂಜಿನಿಯರ್ ಸಾಹೇಬರು ಹೊರಗೆ ಬಂದರು. ಅವರ ಪ್ಯಾಂಟುಗಳೆಲ್ಲ ಅದೇ ಲಾಂಡ್ರಿಯ ರಾಶಿಯಲ್ಲಿದ್ದವು. ಅಂದು ಅವರು ತೊಟ್ಟಿದ್ದು ಕೆಲಸಕ್ಕೆ ಸೇರಿದ ಕಾಲದ ಪ್ಯಾಂಟು. ಅದರಲ್ಲಿ ನಿಲ್ಲಬಹುದಿತ್ತು, ಕೂರುವಂತಿರಲಿಲ್ಲ. ಜನರಿಗೆ ಸಮಾಧಾನ ಹೇಳಿ, ಸಂಜೆಗೇ ನೀರು ಬಿಡಿಸುತ್ತೇವೆಂದು ಮಾತು ಕೊಟ್ಟು ಕಳಿಸಿದರು. ಆಮೇಲೆ ಗೊತ್ತಾಯ್ತಪ್ಪನವರನ್ನು ಒಳಗೆ ಕರೆಸಿದರು.

"ಏನ್ರೀ, ಇಲಾಖೆ ಮರ್ಯಾದೆ ಮೂರು ಕಾಸಿಗೆ ಹರಾಜು ಹಾಕಿದ್ರಲ್ಲ! ನಿಮ್ಮನ್ನ ಊರಾಚೆ ಪಂಪ್‌ಹೌಸ್‌ಗೆ ಹಾಕ್ತೀನಿ. ಅಲ್ಲಿ ಯಾರಿಗೆ ಬೇಕಾದ್ರೂ ತತ್ವ ಹೇಳಿ."

"ಸಾರ್, ನಾನು ಸುಳ್ಳು ಹೇಳಿಲ್ಲ. ನೀರು ಕಡಿಮೆ ಮಾಡಿದ್ರೆ ಬಳ್ಳಿ ಹೂ ಬಿಡೋದು ಖಂಡಿತ."

ಎಂಜಿನಿಯರರು ಬಾಗಿಲು ಹಾಕಿದೆಯೇ ಎಂದು ನೋಡಿಕೊಂಡು ದನಿ ತಗ್ಗಿಸಿದರು.

"ಮೇಣದ ಬಳ್ಳಿನಾ? ದಪ್ಪ ಎಲೆ? ನಮ್ಮ ಮನೇಲೂ ಇದೆ ಕಣ್ರೀ. ನಮ್ಮ ಮನೆಯವಳು ದಿನಾ ಕೇಳ್ತಾಳೆ, ಊರಿಗೆಲ್ಲ ನೀರು ಕೊಡ್ತೀರಿ, ಒಂದು ಬಳ್ಳೀಲಿ ಹೂ ಬಿಡಿಸೋಕಾಗಲ್ವಾ ಅಂತ. ನಿಮ್ಮದು ನಿಜವಾಗ್ಲೂ ಬಿಡುತ್ತಾ?"

"ಹೋದ ವರ್ಷ ಬಿಟ್ಟಿತ್ತು ಸಾರ್. ರಜೆಯ ಮೊದಲನೇ ಭಾನುವಾರ ಬನ್ನಿ, ನೋಡಿ."

ಸುಳ್ಳಿಗೂ ರೂಢಿ ಎಂಬುದಿದೆ. ಮೊದಲ ಸಲ ಹೇಳುವಾಗ ನಾಲಿಗೆ ತೊಡರುತ್ತದೆ, ಎರಡನೇ ಸಲಕ್ಕೆ ಹೇಳುವವನೇ ನಂಬಿರುತ್ತಾನೆ.

"ಸರಿ. ಬರ್ತೀನಿ. ಹೂ ಇದ್ರೆ ನೀವು ಈ ಕಿಟಕೀಲೇ ಇರಿ. ಇಲ್ಲ ಅಂದ್ರೆ ಸೋಮವಾರ ಪಂಪ್‌ಹೌಸ್" ಎಂದರು ಎಂಜಿನಿಯರರು.

ಗೊತ್ತಾಯ್ತಪ್ಪನವರಿಗೆ ಪಂಪ್‌ಹೌಸಿನ ಭಯ ಅಷ್ಟಾಗಿ ಆಗಲಿಲ್ಲ. ಷಡ್ಡಕನ ಮುಂದೆ, ಮೇಲಧಿಕಾರಿಯ ಸಾಕ್ಷಿಯಲ್ಲಿ, ತಮ್ಮ ಮಾತು ನಿಜವಾಗುವ ಭಾನುವಾರವೊಂದು ಬರಲಿದೆ ಎಂದು ಅವರಿಗೆ ಸಂತೋಷವೇ ಆಯಿತು. ಮನೆಗೆ ಬರುವಾಗ ಸೀಟಿ ಹಾಕಿಕೊಂಡು ಬಂದರು. ಹೆಂಡತಿ ವಿಷಯ ಕೇಳಿ, ಹೊಲಿಯುತ್ತಿದ್ದ ಬಟ್ಟೆಯಿಂದ ತಲೆಯೆತ್ತದೆ, "ಹೂ ಬಿಡದಿದ್ರೆ ಮಷಿನ್ ವಾಪಸ್ ಕಿಟಕಿಗೆ. ನೀವು ಪಂಪ್‌ಹೌಸ್‌ಗಾದ್ರೂ ಹೋಗಿ, ಎಲ್ಲಿಗಾದ್ರೂ ಹೋಗಿ" ಎಂದಳು.

ಆ ಭಾನುವಾರ ಬಂತು. ಗೊತ್ತಾಯ್ತಪ್ಪನವರು ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಬಳ್ಳಿಯನ್ನು ನೋಡಿದರು. ಹೂವಿರಲಿಲ್ಲ. ಆದರೂ ಧೈರ್ಯ ಬಿಡಲಿಲ್ಲ. ಇನ್ನೂ ಅರ್ಧ ದಿನವಿದೆ, ಹೂವು ಅರಳಲು ಅಷ್ಟು ಸಾಲದೇ ಎಂದುಕೊಂಡರು. ಕನಿಷ್ಠ ಬಳ್ಳಿ ನೀಟಾಗಿರಲಿ ಎಂದು ಒದ್ದೆ ಬಟ್ಟೆ ಹಿಡಿದು ಸ್ಟೂಲು ಹತ್ತಿ ಎಲೆಗಳನ್ನು ಒಂದೊಂದಾಗಿ ಒರೆಸಿದರು. ಕಿಟಕಿಯ ಸರಳಿಗೆ ಒತ್ತಿಕೊಂಡು ಹಿಂಭಾಗದಲ್ಲಿ ಒಂದು ಬೋಳು ಕಡ್ಡಿ ಕಂಡಿತು. ಎಷ್ಟು ವಾರದಿಂದ ಅವರ ಕಣ್ಣು ತಪ್ಪಿಸಿ ಅಡಗಿತ್ತೋ! ಅದರ ತುದಿಯಲ್ಲಿ ಸಾಸಿವೆಕಾಳಿನಷ್ಟು ಗಾತ್ರದ, ನಸುಗೆಂಪು ಗುಂಡುಗಳು ಒತ್ತೊತ್ತಾಗಿ ಗುಂಪು ಕಟ್ಟಿಕೊಂಡಿದ್ದವು.

"ಹುಳದ ಮೊಟ್ಟೆ!" ಎಂದು ಉಸಿರು ಹಿಡಿದರು ಗೊತ್ತಾಯ್ತಪ್ಪ.

ಇನ್ನೇನು ಜನ ಬರುವ ಹೊತ್ತು. ಎಂಜಿನಿಯರರು ಬಂದಾಗ ಬಳ್ಳಿಗೆ ಹುಳ ಹಿಡಿದಿದೆ ಎಂದಾಗಬಾರದು. ಹೆಂಡತಿಯನ್ನು ಕೂಗಬಹುದಿತ್ತು. ಕೂಗಿದರೆ ಆಕೆ ಏನಾದರೂ ಹೇಳುತ್ತಿದ್ದಳು, ಹೇಳುವುದನ್ನು ಕೇಳಬೇಕಾಗುತ್ತಿತ್ತು. ಅವರು ಕತ್ತರಿ ಹಾಕಿದರು. ಕಡ್ಡಿಯ ಬುಡದಲ್ಲಿ ಬಿಳಿ ಹಾಲು ಒಸರಿತು. "ವಿಷ" ಎಂದುಕೊಂಡು ಅದನ್ನೂ ಒರೆಸಿದರು. ಮೊಟ್ಟೆಯ ಗುಂಪನ್ನು ಕಾಗದದ ಚೂರಿನಲ್ಲಿ ಹಿಡಿದು, ಹೆಂಡತಿಯ ಬಟ್ಟೆಚೂರಿನ ಬುಟ್ಟಿಗೆ ಹಾಕಿ, ಕೈ ತೊಳೆದುಕೊಂಡು, ಬಾಗಿಲ ಬಳಿ ನಿಂತರು.

ಮೊದಲು ಷಡ್ಡಕ ಬಂದ, ಹೊಸ ಚಿಲಕವೊಂದನ್ನು ಕೈಯಲ್ಲಿ ಹಿಡಿದು. ಹಿಂದೆ ಅವನ ಹೆಂಡತಿ. ಎದುರುಮನೆ ಮೇಷ್ಟ್ರು ಒಳಜೇಬಿನ ಅಂಗಿಯಲ್ಲೇ ಬಂದರು. ಬೀದಿಯ ಪರವಾಗಿ ಲಾಂಡ್ರಿ ಯಜಮಾನಿ ಬಂದಳು. ಕೊನೆಗೆ ಎಂಜಿನಿಯರರು, ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ. ಸರ್ಕಾರಿ ತಪಾಸಣೆ ಎಂದರೆ ಜೊತೆಗೆ ಬಲ್ಲವರೊಬ್ಬರು ಇರಬೇಕು ಎಂಬ ನಿಯಮದಂತೆ ಅವರು ಸಸಿ ಮಾರುವವನನ್ನೂ ಕರೆತಂದಿದ್ದರು. ಎಲ್ಲರೂ ಕಿಟಕಿಯ ಮುಂದೆ ನಿಂತು ತಲೆಯೆತ್ತಿ ನೋಡಿದರು.

"ಹೂ ಎಲ್ಲಿ?" ಎಂದ ಷಡ್ಡಕ.

"ಬರುತ್ತೆ ಭಾವ. ಕೂತ್ಕೊಳ್ಳಿ, ಕಾಫಿ ಕುಡಿಯೋಣ."

ಸಸಿಯವನು ಕೂರಲಿಲ್ಲ. ಸ್ಟೂಲು ಹತ್ತಿ, ಬಳ್ಳಿಯನ್ನು ಮುಟ್ಟಿ ಮುಟ್ಟಿ ನೋಡಿದ. ಅವನ ಮುಖ ಗಂಟಾಯಿತು.

"ಈ ಕಡ್ಡಿ ಯಾರು ಕತ್ತರಿಸಿದ್ದು? ಇದು? ಇದೂ? ಅಯ್ಯೋ, ಇಲ್ಲಿ ಹಾಲು ಇನ್ನೂ ಆರೇ ಇಲ್ಲವಲ್ಲ ಸಾರ್!"

"ನೀವೇ ಹೇಳಿದ್ರಲ್ಲ, ಬೋಳು ಕಡ್ಡಿ ಕತ್ತರಿಸ್ಬೇಕು ಅಂತ."

"ನಾನು? ನಾನು ಹೇಳೋಕೆ ಹೊರಟಿದ್ದು ಅವನ್ನ ನೀವು ಸತ್ರೂ ಕತ್ತರಿಸ್ಬೇಡಿ ಅಂತ! ಈ ಬಳ್ಳಿ ಹೂ ಬಿಡೋದೇ ಆ ಬೋಳು ಕಡ್ಡಿ ತುದೀಲಿ. ಒಂದು ಸಲ ಬಿಟ್ಟ ಕಡ್ಡೀಲೇ ಮುಂದಿನ ಸಲವೂ ಬಿಡುತ್ತೆ. ಅದನ್ನ ಕತ್ತರಿಸಿದ್ರೆ ಮುಗೀತು. ನೀವು ಪೂರ್ತಿ ಕೇಳಿದ್ರೆ ತಾನೆ?"

ಗಂಡ ಕತ್ತರಿಸಿದ್ದೆಲ್ಲ ಎಲ್ಲಿಗೆ ಬೀಳುತ್ತಿತ್ತೆಂದು ಹೆಂಡತಿಗೆ ಗೊತ್ತಿತ್ತು. ಆಕೆ ಒಳಗೆ ಹೋಗಿ ಬಟ್ಟೆಚೂರಿನ ಬುಟ್ಟಿಯನ್ನು ತಂದು ನೆಲದ ಮೇಲೆ ಸುರಿದಳು. ಎಂಜಿನಿಯರರು, ಮೇಷ್ಟ್ರು, ಲಾಂಡ್ರಿ ಯಜಮಾನಿ ಮೊಣಕಾಲೂರಿ ಹುಡುಕಿದರು. ದಾರದ ಸಿಕ್ಕಿನಲ್ಲಿ, ಕಾಗದದ ಚೂರಿನೊಳಗೆ ಆ ನಸುಗೆಂಪು ಗುಂಪು ಸಿಕ್ಕಿತು.

"ಮೊಗ್ಗು" ಎಂದ ಸಸಿಯವನು. "ಇನ್ನೊಂದೆರಡು ವಾರ ಬಿಟ್ಟಿದ್ರೆ ಗೊಂಚಲು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರೆ. ಇಲ್ಲಿ ತುತ್ತನ್ನು ಎತ್ತಿ ಬುಟ್ಟಿಗೆ ಹಾಕಿದ್ದು ಅದೇ ಕೈ. ಆದರೂ ಗೊತ್ತಾಯ್ತಪ್ಪನವರ ಮುಖ ಒಂದು ಕ್ಷಣ ಬೆಳಗಿತು.

"ಅಂದ್ರೆ ಬಿಡ್ತಿತ್ತು! ನಾನು ಹೇಳಿದ್ದು ನಿಜ! ಅಲ್ವಾ ಭಾವ?"

ಷಡ್ಡಕ ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು, ಬೀಗದೊಳಗೆ ಮುರಿದ ಕೀಲಿಯನ್ನು ನೋಡುವಂತೆ ನೋಡಿದ.

"ಇದು ಮನೆಯೊಳಗೆ ಹೂ ಬಿಡಲ್ಲ ಅಂದೆ. ಬಿಟ್ಟಿದೆಯಾ?"

ಬಿಟ್ಟಿರಲಿಲ್ಲ. ಅವನು ಹೇಳಿದ್ದೇ ಮತ್ತೆ ನಿಜವಾಗಿತ್ತು. ಅವನು ಬಾಗಿಲಿಗೆ ಹೊಸ ಚಿಲಕ ಹಾಕಿಕೊಟ್ಟು, ಕಾಫಿ ಕುಡಿದು ಹೋದ. ಎಂಜಿನಿಯರರು ಹೋಗುವಾಗ ಸಸಿಯವನ ಹೆಗಲ ಮೇಲೆ ಕೈ ಹಾಕಿಕೊಂಡು, ತಮ್ಮ ಮನೆಯ ಬಳ್ಳಿಯ ವಿಷಯ ಪೂರ್ತಿ ಕೇಳುತ್ತ ಮೆಟ್ಟಿಲಿಳಿದರು. ಲಾಂಡ್ರಿ ಯಜಮಾನಿ ಮಾತ್ರ ಬಾಗಿಲಲ್ಲಿ ತಿರುಗಿ, "ಬೇಜಾರು ಮಾಡ್ಕೋಬೇಡಿ ಸಾರ್. ಕಷ್ಟ ಬಂದ್ರೇನೇ ಅರಳೋದು" ಎಂದು ಹೇಳಿ ಹೋದಳು.

ಸೋಮವಾರ ಗೊತ್ತಾಯ್ತಪ್ಪನವರು ಪಂಪ್‌ಹೌಸಿಗೆ ಹೋದರು. ಅಲ್ಲಿ ಇಡೀ ದಿನ ಯಂತ್ರ ಗುಡುಗುತ್ತದೆ. ಯಾರು ಏನು ಹೇಳಿದರೂ ಕೇಳಿಸುವುದಿಲ್ಲ. ಎಲ್ಲರೂ ಎಲ್ಲವನ್ನೂ ಕೈಸನ್ನೆಯಲ್ಲಿ ಹೇಳಬೇಕು, ಕೈಸನ್ನೆಯನ್ನು ಅರ್ಧಕ್ಕೆ ತಡೆಯಲು ಬರುವುದಿಲ್ಲ. ಹೀಗಾಗಿ ಅವರ ಕೆಲಸದ ಬಗ್ಗೆ ಮೊದಲ ಸಲ ಯಾವ ದೂರೂ ಬರಲಿಲ್ಲ.

ಮನೆಯಲ್ಲಿ ಮಷಿನ್ ಕಿಟಕಿಗೆ ಮರಳಿತು. ಬಟ್ಟೆಗಳ ಜೇಬು ಹೊರಗೆ ಬಂತು. ಹೆಂಡತಿ ಪುಟ್ಟ ಕತ್ತರಿಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಳು. ಮಲಗುವಾಗ ದಿಂಬಿನ ಕೆಳಗೆ ಇಡುತ್ತಿದ್ದಳು. ಬಳ್ಳಿ ಮಷಿನ್ ಮೇಲೆ ಮೊದಲಿನಂತೆ ನೇತಾಡುತ್ತಿತ್ತು. ಆಕೆಗೆ ಹೊಲಿಗೆಯ ನಡುವೆ ಅದನ್ನು ನೋಡಲು ಪುರಸೊತ್ತಿರಲಿಲ್ಲ. ನೆನಪಾದಾಗ ಕುಡಿದು ಉಳಿದ ಲೋಟದ ನೀರು ಹೊಯ್ಯುತ್ತಿದ್ದಳು. ಗೊತ್ತಾಯ್ತಪ್ಪನವರಂತೂ ಬಳ್ಳಿಯ ಜೊತೆ ಟೂ ಬಿಟ್ಟಿದ್ದರು. ತಮ್ಮ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಹಾಕಿಕೊಂಡು, ಸಂಜೆ ಮನೆಗೆ ಬಂದರೆ ಗೋಡೆ ನೋಡುತ್ತ ಕೂರುತ್ತಿದ್ದರು. ಬಳ್ಳಿಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಅವರಿಗೆ ನಿಜವಾಗಿ ನೋವಾಗಿತ್ತು.

ಹೀಗೆ ಒಂದು ವರ್ಷ ಹೊರಳಿ ಮತ್ತೆ ಬೇಸಿಗೆ ಬಂತು. ಒಂದು ಸಂಜೆ ಅವರು ಕೆಲಸದಿಂದ ಬಂದು ಕುರ್ಚಿಯಲ್ಲಿ ಕೂತು ಮೂಗೆಳೆದರು.

"ಏನೋ ಪರಿಮಳ. ಮೇಷ್ಟ್ರು ಮತ್ತೆ ಅತ್ತರು ಹಾಕ್ಕೊಂಡಿರ್ಬೇಕು."

"ಅತ್ತರಲ್ಲ ರೀ" ಎಂದಳು ಹೆಂಡತಿ. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಬೆಳಿಗ್ಗೆ ಏನಾಯ್ತು ಗೊತ್ತಾ? ನಾನು ಮಷಿನ್ ತೆಗೆದು ಕೂತೆ, ತಲೆಯೆತ್ತಿ ನೋಡ್ತೀನಿ, ಆ ನಿಮ್ಮ ಬಳ್ಳಿ..."

"ಗೊತ್ತಾಯ್ತು, ಗೊತ್ತಾಯ್ತು. ಒಣಗಿಹೋಯ್ತು. ಬಿಸಾಕು ಅತ್ಲಾಗೆ."

ಆಗಲೇ ಫೋನು ಗಂಟೆ ಹೊಡೆಯಿತು. ಷಡ್ಡಕ. ಬೆಳಿಗ್ಗೆ ತಂಗಿ ಕಳಿಸಿದ ಫೋಟೋವನ್ನು ಅಕ್ಕ ಅವನಿಗೆ ತೋರಿಸಿದ್ದಳು. ಅಂಗಡಿಯಲ್ಲಿ ಅದನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿ, ಇಡೀ ದಿನ ಯೋಚಿಸಿ, ಸಂಜೆ ಬಾಗಿಲು ಹಾಕಿದ ಮೇಲೆ ಮನಸ್ಸು ಗಟ್ಟಿಮಾಡಿಕೊಂಡು ಅವನು ಫೋನು ಮಾಡಿದ್ದ. ಅಂಥ ಮಾತು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ.

"ಹಲೋ, ನಾನು ಕಣ್ರೀ" ಎಂದ ಅವನು. ಗಂಟಲು ಸರಿಮಾಡಿಕೊಂಡ. "ಆ ಬಳ್ಳಿ ವಿಷಯ. ಹೋದ ವರ್ಷ ನಾನು ಅಂದಿದ್ದೆನಲ್ಲ... ನೋಡಿ, ನಾನು ಒಂದು ಮಾತು ಒಪ್ಕೋಬೇಕು. ನೀವು ಹೇಳಿದ್ದೇ..."

"ಗೊತ್ತಾಯ್ತು, ಗೊತ್ತಾಯ್ತು ಭಾವ" ಎಂದರು ಗೊತ್ತಾಯ್ತಪ್ಪ. "ನಾನು ಹೇಳಿದ್ದೇ ಸುಳ್ಳು. ವರ್ಷಕ್ಕೊಂದು ಸಲ ಅದನ್ನ ಕೇಳಿಸ್ಬೇಕಾ? ಇಡಿ ಫೋನು!"

ಹಾಗೆಂದು ತಾವೇ ಫೋನು ಇಟ್ಟು, ಗೋಡೆಯ ಕಡೆ ತಿರುಗಿ ಕೂತರು. ಅವರ ಬೆನ್ನ ಹಿಂದೆ ಕಿಟಕಿಯಲ್ಲಿ ಬಿಳಿ ನಕ್ಷತ್ರಗಳ ಗೊಂಚಲೊಂದು ತೂಗುತ್ತಿತ್ತು. ಹೆಂಡತಿ ಒಂದು ಸಲ ಹೂವನ್ನು ನೋಡಿದಳು, ಒಂದು ಸಲ ಗಂಡನ ಬೆನ್ನನ್ನು ನೋಡಿದಳು. ಆಮೇಲೆ ನಾಲ್ಕು ಗುಂಡುಪಿನ್ನು ಬಾಯಲ್ಲಿ ಕಚ್ಚಿಕೊಂಡು ಮಷಿನ್ ತುಳಿಯತೊಡಗಿದಳು.